ಚಾಲನೆಯಲ್ಲಿರುವ ಡೇಟಾಬೇಸ್‌ನ ಬ್ಯಾಕಪ್ ತೆಗೆಯುವುದು ಹೇಗೆ?

ಡೇಟಾಬೇಸ್ ಕೆಲಸ ಮಾಡುತ್ತಿರುವಾಗಲೇ ಅದರ ಫೈಲ್‌ಗಳನ್ನು ಬೇರೊಂದು ಡಿಸ್ಕ್‌ಗೆ ಕಾಪಿ ಮಾಡಿಟ್ಟರೆ ಬ್ಯಾಕಪ್ ಆಯಿತೆಂದು ಅನೇಕರು ನಂಬಿರುತ್ತಾರೆ. ಆದರೆ ಮೊದಲ ಫೈಲ್ ಮುಗಿದು ಕೊನೆಯದರ ಸರದಿ ಬರುವಷ್ಟರಲ್ಲಿ ಎಷ್ಟೋ ಬದಲಾವಣೆಗಳು ನಡೆದುಹೋಗಿರುತ್ತವೆ. ಒಂದು ಖಾತೆಯಿಂದ ಹಣ ಕಳೆಯುವುದಕ್ಕೆ ಮುಂಚಿನ ಲೆಕ್ಕವೂ, ಅದೇ ಹಣ ಇನ್ನೊಂದು ಖಾತೆಗೆ ಜಮೆಯಾದ ನಂತರದ ಲೆಕ್ಕವೂ ಒಂದೇ ಪ್ರತಿಯಲ್ಲಿ ಕೂಡಿಕೊಂಡರೆ ಇಲ್ಲದ ಹಣ ಹುಟ್ಟುತ್ತದೆ. ಬ್ಯಾಕಪ್‌ನಲ್ಲಿರುವ ಎಲ್ಲ ಮಾಹಿತಿಯೂ ಒಂದೇ ಕ್ಷಣಕ್ಕೆ ಸೇರಿದ್ದಾಗಿರಬೇಕು ಎನ್ನುವುದು ಇದಕ್ಕಾಗಿಯೇ.

ಮೊದಲಿಗೆ, ಡೇಟಾಬೇಸ್‌ನ ಜೊತೆಗೇ ಬರುವ ಟೂಲ್ ಬಳಸಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪಿಜಿ-ಡಂಪ್ (ಮಾಹಿತಿಯನ್ನೆಲ್ಲ ಫೈಲ್‌ಗೆ ಬರೆದಿಡುವ ಟೂಲ್; ಹಾಗೆ ಬರೆದ ಪ್ರತಿಯೇ ಡಂಪ್), ತಾನು ಆರಂಭಿಸಿದಾಗಿನ ಸ್ನ್ಯಾಪ್‌ಶಾಟನ್ನೇ, ಅಂದರೆ ಆ ಕ್ಷಣದ ಸ್ಥಿತಿಯನ್ನೇ, ಕೊನೆಯವರೆಗೂ ಓದುವುದರಿಂದ, ಬಳಕೆದಾರರು ದಾಖಲೆಗಳನ್ನು ಓದುವುದಕ್ಕಾಗಲಿ ತಿದ್ದುವುದಕ್ಕಾಗಲಿ ಅಡ್ಡಿಯಾಗುವುದಿಲ್ಲ. ಬಳಕೆದಾರರ ಹೆಸರು, ಪಾಸ್‌ವರ್ಡ್‌ಗಳು ಮಾತ್ರ ಅದರಲ್ಲಿ ಬರುವುದಿಲ್ಲ. ಅವನ್ನು ಪಿಜಿ-ಡಂಪ್‌ಆಲ್ ಮೂಲಕ ಪ್ರತ್ಯೇಕವಾಗಿ ತೆಗೆಯಬೇಕು. ಮೈಎಸ್‌ಕ್ಯೂಎಲ್ ಆದರೆ, ಮೈಎಸ್‌ಕ್ಯೂಎಲ್-ಡಂಪ್‌ಗೆ ‘ಸಿಂಗಲ್-ಟ್ರಾನ್ಸಾಕ್ಷನ್’ ಆಯ್ಕೆಯನ್ನು ತಪ್ಪದೆ ಕೊಡಿ. ಈ ಆಯ್ಕೆ ಇನೊಡಿಬಿ ಎಂಬ ಶೇಖರಣಾ ವಿಧಾನದ ಟೇಬಲ್‌ಗಳನ್ನು ಒಂದೇ ಕ್ಷಣದ ಸ್ಥಿತಿಯಲ್ಲಿ ಕಾಪಾಡುತ್ತದೆ; ಹಳೆಯ ಮೈಐಸ್ಯಾಮ್ ವಿಧಾನದ ಟೇಬಲ್‌ಗಳಿದ್ದರೆ ಲಾಕ್ ಹಾಕದೆ (ಅಂದರೆ ಆ ಹೊತ್ತಿಗೆ ತಿದ್ದುಪಡಿಗಳನ್ನು ತಡೆಯದೆ) ಬೇರೆ ದಾರಿಯಿಲ್ಲ. ಡಂಪ್ ನಡೆಯುತ್ತಿರುವಾಗ ಯಾರೂ ಟೇಬಲ್‌ನ ರಚನೆಯನ್ನು ಬದಲಾಯಿಸದಂತೆಯೂ ನೋಡಿಕೊಳ್ಳಿ. ಎಸ್‌ಕ್ಯೂಲೈಟ್‌ಗೆ ಅದರದೇ ‘ಬ್ಯಾಕಪ್’ ಕಮಾಂಡ್ ಸಾಕು.

ಡೇಟಾಬೇಸ್ ಬಹಳ ದೊಡ್ಡದಾಗಿದ್ದರೆ ಡಂಪ್‌ನಿಂದ ಮರುಸ್ಥಾಪಿಸುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ಆಗ ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ-ಬೇಸ್‌ಬ್ಯಾಕಪ್ ಟೂಲ್‌ನಿಂದ ಒಂದು ಪೂರ್ಣ ಪ್ರತಿಯನ್ನು ತೆಗೆದು, ಪ್ರತಿ ಬದಲಾವಣೆಯೂ ಮೊದಲು ದಾಖಲಾಗುವ ವಾಲ್ ಲಾಗ್‌ಗಳನ್ನು ಬೇರೆಡೆ ನಿರಂತರವಾಗಿ ಸಂಗ್ರಹಿಸುತ್ತಾ ಹೋಗುವುದು ಮೇಲು. ಬೆಳಿಗ್ಗೆ 11.05ಕ್ಕೆ ಯಾರೋ ತಪ್ಪಿ ಒಂದು ಟೇಬಲನ್ನು ಅಳಿಸಿದರೆ, ಆ ಲಾಗ್‌ಗಳ ನೆರವಿನಿಂದ 11.04ರ ಸ್ಥಿತಿಗೆ ಮರಳಬಹುದು. ರೆಪ್ಲಿಕಾ (ಮುಖ್ಯ ಡೇಟಾಬೇಸನ್ನು ಸದಾ ಅನುಸರಿಸುವ ಮತ್ತೊಂದು ಪ್ರತಿ) ಇದೆಯಲ್ಲ ಎಂಬ ಧೈರ್ಯ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಅಳಿಸುವ ಆದೇಶವೂ ಸಾಮಾನ್ಯವಾಗಿ ಕ್ಷಣಾರ್ಧದಲ್ಲಿ ಅಲ್ಲಿಗೆ ತಲುಪಿರುತ್ತದೆ. ಝಡ್‌ಎಫ್‌ಎಸ್ ಅಥವಾ ಎಲ್‌ವಿಎಂನಂಥ ಡಿಸ್ಕ್ ನಿರ್ವಹಣಾ ವ್ಯವಸ್ಥೆಗಳ ಸ್ನ್ಯಾಪ್‌ಶಾಟ್ ಬಳಸುವವರು ಡೇಟಾ ಮತ್ತು ಲಾಗ್ ಬೇರೆ ಬೇರೆ ವಾಲ್ಯೂಮ್‌ಗಳಲ್ಲಿದ್ದರೆ (ಡಿಸ್ಕ್‌ನ ಭಾಗಗಳಲ್ಲಿದ್ದರೆ) ಎರಡನ್ನೂ ಏಕಕಾಲಕ್ಕೆ ಸೆರೆಹಿಡಿಯಬೇಕು.

ಬ್ಯಾಕಪ್ ಸ್ಕ್ರಿಪ್ಟ್ ವಿಫಲವಾದರೆ ಕೂಡಲೇ ಎಚ್ಚರಿಕೆಯ ಸಂದೇಶ ಬರುವಂತೆ ಮಾಡಿ. ಡಂಪ್ ಅನ್ನು ನೇರವಾಗಿ ಜಿಜಿಪ್ ಎಂಬ ಕುಗ್ಗಿಸುವ ಟೂಲ್‌ಗೆ ಪೈಪ್ ಮಾಡಿದಾಗ (ಒಂದು ಕಮಾಂಡ್‌ನ ಫಲಿತವನ್ನು ಇನ್ನೊಂದಕ್ಕೆ ಹರಿಸಿದಾಗ), ಡಂಪ್ ಅರ್ಧಕ್ಕೆ ನಿಂತರೂ ಕಮಾಂಡ್‌ಗಳನ್ನು ನಡೆಸುವ ಶೆಲ್ ಕೊನೆಯ ಕಮಾಂಡ್‌ನ ಯಶಸ್ಸನ್ನಷ್ಟೇ ತೋರಿಸುವುದರಿಂದ ‘ಪೈಪ್‌ಫೇಲ್’ ಆಯ್ಕೆ ಅಗತ್ಯ. ಕೊನೆಯದಾಗಿ, ನಿಯಮಿತವಾಗಿ ಒಂದು ಬ್ಯಾಕಪನ್ನು ಬೇರೆ ಸರ್ವರ್‌ನಲ್ಲಿ ಮರುಸ್ಥಾಪಿಸಿ, ಮುಖ್ಯ ಟೇಬಲ್‌ಗಳ ಸಾಲುಗಳನ್ನು ಎಣಿಸಿ, ಲೆಕ್ಕಗಳು ತಾಳೆಯಾಗುತ್ತವೆಯೇ ಎಂದು ಪರೀಕ್ಷಿಸಿ, ಅದಕ್ಕೆ ತಗುಲಿದ ಸಮಯವನ್ನೂ ಬರೆದಿಡಿ.