ಒತ್ತಕ್ಷರ ಅರ್ಧ ಕಾಣುತ್ತಿದ್ದರೆ ಸಾಲಿನ ಅಂತರ ನೋಡಿ

ಸ್ನೇಹಿತರೇ, ವರ್ಡ್‌ನಲ್ಲಿ ಕನ್ನಡ ಟೈಪ್ ಮಾಡುವವರಿಗೆ ಒಂದು ಸಲಹೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತಿದ್ದರೆ ಅಥವಾ ಅರ್ಧ ಮಾಯವಾಗಿದ್ದರೆ, ಫಾಂಟ್ ಬದಲಿಸುವ ಮುನ್ನ ಸಾಲಿನ ಅಂತರ ನೋಡಿ. ಕಂಟ್ರೋಲ್ ಎ ಒತ್ತಿ ಪೂರ್ತಿ ಸೆಲೆಕ್ಟ್ ಮಾಡಿ, ರೈಟ್ ಕ್ಲಿಕ್ ಮಾಡಿ ಪ್ಯಾರಾಗ್ರಾಫ್ ತೆರೆಯಿರಿ. ಲೈನ್ ಸ್ಪೇಸಿಂಗ್‌ನಲ್ಲಿ ‘ಎಕ್ಸಾಕ್ಟ್ಲಿ’ ಇದ್ದರೆ ತೊಂದರೆ ಅಲ್ಲೇ ಇದೆ. ಅಕ್ಷರ ಎಷ್ಟೇ ಎತ್ತರವಿರಲಿ, ಅಲ್ಲಿ ಕೊಟ್ಟ ಅಳತೆಯನ್ನು ಸಾಲು ಮೀರುವುದೇ ಇಲ್ಲ. ಇಂಗ್ಲಿಷಿಗೆ ಸಾಕಾಗುವ 14 ಪಾಯಿಂಟ್ ನಮ್ಮ ಒತ್ತಕ್ಷರಗಳಿಗೆ ಸಾಲದು. ‘ಅಟ್ ಲೀಸ್ಟ್’ ಆರಿಸಿ, 12ರ ಅಕ್ಷರಕ್ಕೆ 20 ಕೊಟ್ಟು ನೋಡಿ. ಜಾಗ ಸಾಲದ ಕಡೆ ಸಾಲು ತಾನೇ ಹಿಗ್ಗುತ್ತದೆ.

ಪ್ಯಾರಾಗಳ ನಡುವೆ ಜಾಗ ಬೇಕೆಂದು ಎಂಟರ್ ಒತ್ತುತ್ತಾ ಹೋಗಬೇಡಿ, ದಯವಿಟ್ಟು. ಪುಟ ಬದಲಾದಾಗ ಆ ಖಾಲಿ ಸಾಲುಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಅದೇ ಕಿಟಕಿಯ ‘ಆಫ್ಟರ್’ ಜಾಗದಲ್ಲಿ 6 ಅಥವಾ 8 ಕೊಟ್ಟರೆ ಸಾಕು.

ಇನ್ನು ಸ್ಮರಣ ಸಂಚಿಕೆ ಮಾಡುವವರು ಗಮನಿಸಿ: ಕನ್ನಡದ ಪದಗಳು ಉದ್ದ. ಎರಡು ಕಾಲಂ ಇಟ್ಟು ಜಸ್ಟಿಫೈ ಮಾಡಿದರೆ, ಅಂದರೆ ಸಾಲುಗಳ ಎರಡೂ ಅಂಚು ಸಮ ಮಾಡಿದರೆ, ಪದಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬೀಳುತ್ತದೆ. ಅಲ್ಲಿ ಎಡಕ್ಕೆ ಜೋಡಿಸುವುದೇ ಚೆಂದ, ಓದುವುದಕ್ಕೂ ಹಿತ.