ಹಾವಿನ ಅನುಕ್ರಮದಲ್ಲಿ ಕಾಣದ 17 ಅಕ್ಷರಗಳು: ನಿಯಂತ್ರಕ ಡಿಎನ್‌ಎಯನ್ನು ನಾನು ತಾಳೆ ನೋಡಿದ ಬಗೆ

ಪ್ರೋಟೀನ್ ಸಂಕೇತವಿರುವ ಜೀನ್‌ಗಳನ್ನು ಪ್ರಭೇದದಿಂದ ಪ್ರಭೇದಕ್ಕೆ ಹೋಲಿಸುವ ಕೆಲಸವನ್ನು ಕೆಲವು ವರ್ಷ ಮಾಡಿದ ಮೇಲೆ ನಾನು ನಿಯಂತ್ರಕ ಅನುಕ್ರಮಗಳಿಗೆ ಕೈ ಹಾಕಿದೆ. ಅಲ್ಲಿಯವರೆಗೆ ನನಗೆ ಒಂದು ಆಸರೆಯಿತ್ತು. ಡಿಎನ್‌ಎ ಎಷ್ಟೇ ಬದಲಾಗಿದ್ದರೂ ಮೂರು ಮೂರು ಅಕ್ಷರಗಳ ಸಂಕೇತವನ್ನು ಅಮೈನೋ ಆಮ್ಲಗಳಿಗೆ ಪರಿವರ್ತಿಸಿ ನೋಡಿದರೆ, ಮೀನಿನ ಜೀನ್ ಮತ್ತು ಮನುಷ್ಯನ ಜೀನ್ ಒಂದೇ ಮೂಲದವು ಎಂಬುದು ಸಾಮಾನ್ಯವಾಗಿ ಗೊತ್ತಾಗುತ್ತಿತ್ತು. ಎನ್‌ಹ್ಯಾನ್ಸರ್ ಎಂಬ ನಿಯಂತ್ರಕ ಅನುಕ್ರಮಗಳಲ್ಲಿ ಅಂತಹ ಆಸರೆ ಇರುವುದಿಲ್ಲ. ಅವು ಯಾವ ಪ್ರೋಟೀನನ್ನೂ ಬರೆಯುವುದಿಲ್ಲ. ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನುಗಳು ಬಂದು ಕೂರಲು ಆರರಿಂದ ಹನ್ನೆರಡು ಅಕ್ಷರಗಳಷ್ಟು ಉದ್ದದ ತಾಣಗಳನ್ನು ಹೊಂದಿ, ಯಾವ ಜೀನ್ ಯಾವಾಗ, ಯಾವ ಅಂಗದಲ್ಲಿ ಕೆಲಸ ಆರಂಭಿಸಬೇಕು ಎಂಬುದನ್ನು ಅವು ನಿರ್ಧರಿಸುತ್ತವೆ.

ಕಲಿಕೆಗೆಂದು ನಾನು ಆರಿಸಿಕೊಂಡದ್ದು ಝಡ್‌ಆರ್‌ಎಸ್ ಎಂಬ ಎನ್‌ಹ್ಯಾನ್ಸರನ್ನು. ಸುಮಾರು 800 ಅಕ್ಷರಗಳ ಈ ತುಣುಕು ಎಲ್‌ಎಂಬಿಆರ್1 ಎಂಬ ಜೀನ್‌ನ ಐದನೆಯ ಇಂಟ್ರಾನ್‌ನೊಳಗಿದೆ; ಇಂಟ್ರಾನ್ ಎಂದರೆ ಜೀನ್‌ನೊಳಗೆ ಪ್ರೋಟೀನ್ ಬರೆಯದ ನಡುಭಾಗ. ಆದರೆ ಅದು ನಿಯಂತ್ರಿಸುವುದು ಆ ಜೀನನ್ನಲ್ಲ, ಅಲ್ಲಿಂದ ಸುಮಾರು 10 ಲಕ್ಷ ಅಕ್ಷರಗಳಷ್ಟು ದೂರದಲ್ಲಿರುವ ಸೋನಿಕ್ ಹೆಡ್ಜ್‌ಹಾಗ್ ಜೀನನ್ನು. ಬೆಳೆಯುತ್ತಿರುವ ಭ್ರೂಣದ ಕೈಕಾಲಿನ ಮೊಗ್ಗಿನಲ್ಲಿ ಆ ಜೀನ್ ಸರಿಯಾದ ಅಂಚಿನಲ್ಲಿ ಮಾತ್ರ ಕೆಲಸ ಮಾಡುವಂತೆ ನೋಡಿಕೊಳ್ಳುವುದು ಇದೇ. ಇದರಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಮನುಷ್ಯರಲ್ಲಿ ಹೆಚ್ಚುವರಿ ಬೆರಳು ಮೂಡಿದ ಉದಾಹರಣೆಗಳಿವೆ. ಇಲಿಯಲ್ಲಿ ಇಡೀ ತುಣುಕನ್ನು ತೆಗೆದುಹಾಕಿದಾಗ ಕೈಕಾಲುಗಳ ತುದಿಭಾಗಗಳೇ ಬೆಳೆಯಲಿಲ್ಲ. ಇಷ್ಟು ಚೆನ್ನಾಗಿ ತಿಳಿದಿರುವ ಅನುಕ್ರಮದ ಮೇಲೆ ನನ್ನ ವಿಧಾನವನ್ನು ಪರೀಕ್ಷಿಸಿಕೊಂಡರೆ ತಪ್ಪು ಎಲ್ಲಿದೆಯೆಂಬುದು ಬೇಗ ತಿಳಿಯುತ್ತದೆ ಎಂಬ ಲೆಕ್ಕಾಚಾರ ನನ್ನದಾಗಿತ್ತು. ತಪ್ಪು ಬೇಗನೆ ಸಿಕ್ಕಿತು ಕೂಡ.

ಮನುಷ್ಯನ ಝಡ್‌ಆರ್‌ಎಸ್ ಅನುಕ್ರಮವನ್ನು ಹಿಡಿದು, ಹೋಲುವ ಅನುಕ್ರಮಗಳನ್ನು ಹುಡುಕಿಕೊಡುವ ಬ್ಲಾಸ್ಟ್ ಎಂಬ ತಂತ್ರಾಂಶದಲ್ಲಿ ಹುಡುಕಿದಾಗ ಇಲಿ, ಹಸುಗಳಲ್ಲಿ ತಕ್ಷಣ ಸಿಕ್ಕಿತು; ದೂರದ ಪ್ರಭೇದಗಳು ಒಂದೊಂದಾಗಿ ಕೈಬಿಟ್ಟವು, ಮೀನುಗಳಲ್ಲಂತೂ ಏನೂ ಸಿಗಲಿಲ್ಲ. ನಾನು ಟಿಪ್ಪಣಿ ಪುಸ್ತಕದಲ್ಲಿ ಅವುಗಳ ಮುಂದೆ ‘ಇಲ್ಲ’ ಎಂದು ಬರೆದೆ. ಹಾಗೆ ಬರೆದದ್ದು ತಪ್ಪಾಗಿತ್ತು. ನಾನು ಏನನ್ನೂ ಬದಲಿಸದೆ ಬಳಸಿದ್ದ ಮೆಗಾಬ್ಲಾಸ್ಟ್ ವಿಧಾನವು 28 ಅಕ್ಷರಗಳು ಒಂದರ ಹಿಂದೊಂದು ಯಥಾವತ್ತಾಗಿ ಹೊಂದಿದರೆ ಮಾತ್ರ ಅಲ್ಲಿಂದ ಮುಂದಕ್ಕೆ ಹೋಲಿಕೆಯನ್ನು ಬೆಳೆಸುತ್ತದೆ. ಹತ್ತಿರದ ಬಂಧುಗಳನ್ನು ವೇಗವಾಗಿ ಪತ್ತೆಹಚ್ಚಲೆಂದೇ ರೂಪಿಸಿದ ವಿಧಾನ ಅದು. ಸಾಮಾನ್ಯ ಬ್ಲಾಸ್ಟ್‌ಎನ್‌ಗೆ ಬದಲಿಸಿ ಆ ಮಿತಿಯನ್ನು 11ಕ್ಕೆ ಇಳಿಸಿದಾಗ, ಕಾಣದಿದ್ದ ಪ್ರಭೇದಗಳು ಕಾಣತೊಡಗಿದವು. ಅಂದರೆ ನಾನು ದಾಖಲಿಸಿದ್ದ ‘ಇಲ್ಲ’ ಪ್ರಾಣಿಯದಾಗಿರಲಿಲ್ಲ, ಉಪಕರಣದ್ದಾಗಿತ್ತು.

ಅಂದಿನಿಂದ ಎನ್‌ಹ್ಯಾನ್ಸರನ್ನು ನೇರವಾಗಿ ಹುಡುಕುವುದನ್ನು ಬಿಟ್ಟೆ. ಅದರ ಎರಡೂ ಪಕ್ಕದ ನೆರೆಯವರನ್ನು ಮೊದಲು ಹಿಡಿಯುತ್ತೇನೆ. ಎಲ್‌ಎಂಬಿಆರ್1ರ ಎಕ್ಸಾನ್‌ಗಳು ಪ್ರೋಟೀನ್ ಬರೆಯುವ ಭಾಗಗಳಾದ್ದರಿಂದ ಅವನ್ನು ಅಮೈನೋ ಆಮ್ಲದ ಮಟ್ಟದಲ್ಲಿ ಹುಡುಕಬಹುದು. ಐದನೆಯ ಮತ್ತು ಆರನೆಯ ಎಕ್ಸಾನ್‌ಗಳು ಒಂದೇ ದಿಕ್ಕಿನಲ್ಲಿ, ಒಂದೇ ತುಂಡಿನಲ್ಲಿ ಸಿಕ್ಕರೆ ನಡುವಿನ ಇಂಟ್ರಾನ್ ನನ್ನ ಕೈಗೆ ಬಂದಂತೆಯೇ. ಆ ಇಂಟ್ರಾನನ್ನು ಮಾತ್ರ ಹೊರತೆಗೆದು ತಾಳೆ ಹಾಕಿದರೆ, ಇಡೀ ಜೀನೋಮಿನಲ್ಲಿ ಅಡಗಿಹೋಗುವ ದುರ್ಬಲ ಹೋಲಿಕೆಯೂ ಕಣ್ಣಿಗೆ ಬೀಳುತ್ತದೆ. ಅನುಕ್ರಮವನ್ನು ಹೊರತೆಗೆಯುವಾಗ ಎಳೆಯ ದಿಕ್ಕನ್ನೂ, ಸ್ಥಾನಸಂಖ್ಯೆ ಸೊನ್ನೆಯಿಂದ ಶುರುವಾಗುವ ಕಡತವೋ ಒಂದರಿಂದ ಶುರುವಾಗುವ ಕಡತವೋ ಎಂಬುದನ್ನೂ ಪ್ರತಿಸಲವೂ ನೋಡಿಕೊಳ್ಳಬೇಕು.

ಪ್ರಭೇದಗಳ ಆಯ್ಕೆಗೆ ನಾನು ಮೊದಲು ಕೊಡಬೇಕಾದಷ್ಟು ಗಮನ ಕೊಟ್ಟಿರಲಿಲ್ಲ. ಮನುಷ್ಯ ಮತ್ತು ಚಿಂಪಾಂಜಿಯ ಡಿಎನ್‌ಎ ಅಕ್ಷರಗಳಲ್ಲಿ ಶೇಕಡಾ 1.2ರಷ್ಟು ಮಾತ್ರ ವ್ಯತ್ಯಾಸವಿರುವುದರಿಂದ, 800 ಅಕ್ಷರಗಳ ಯಾವುದೇ ತುಣುಕನ್ನು ತೆಗೆದುಕೊಂಡರೂ ಹತ್ತು ಅಕ್ಷರ ಬದಲಾಗಿರುವುದೇ ಹೆಚ್ಚು. ಕೆಲಸವಿರುವ ಭಾಗವೂ ಕೆಲಸವಿಲ್ಲದ ಭಾಗವೂ ಅಲ್ಲಿ ಒಂದೇ ರೀತಿ ಕಾಣುತ್ತವೆ. ಮನುಷ್ಯ ಮತ್ತು ಇಲಿಯ ನಡುವೆ ಸ್ಥಿತಿ ಬೇರೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಕವಲೊಡೆದ ಈ ಎರಡು ವಂಶಗಳಲ್ಲಿ, ನಿಸರ್ಗದ ಆಯ್ಕೆಯ ಒತ್ತಡವಿಲ್ಲದ ಜಾಗಗಳಲ್ಲಿ ಎರಡು ಸ್ಥಾನಗಳಿಗೆ ಹೆಚ್ಚುಕಡಿಮೆ ಒಂದು ಬದಲಾವಣೆಯಂತೆ ಆಗಿದೆ. ಆದ್ದರಿಂದ ಅಲ್ಲಿ ಉದ್ದಕ್ಕೂ ಬದಲಾಗದೆ ಉಳಿದ ಭಾಗ ಸಿಕ್ಕರೆ ಅದಕ್ಕೆ ಕಾರಣ ಕೇಳಲೇಬೇಕು. ಕೋಳಿ, ಸೀಲಕಾಂತ್ ಮೀನು ಹೀಗೆ ದೂರ ಹೋದಂತೆ ಸಾಕ್ಷ್ಯ ಗಟ್ಟಿಯಾಗುತ್ತದೆ, ಆದರೆ ಸಿಗುವ ತುಣುಕುಗಳು ಕಡಿಮೆಯಾಗುತ್ತವೆ. ಹತ್ತಿರದ, ನಡುವಿನ, ದೂರದ ಪ್ರಭೇದಗಳು ಒಂದೇ ತಾಳೆಪಟ್ಟಿಯಲ್ಲಿ ಇರಬೇಕೆಂಬುದು ನನ್ನ ಅಭಿಪ್ರಾಯ. ಎರಡೇ ಪ್ರಭೇದಗಳನ್ನಿಟ್ಟುಕೊಂಡು, ಅನುಕ್ರಮ ಬದಲಾಗದೆ ಉಳಿದಿದೆ ಎಂದು ಬರೆದ ತೀರ್ಮಾನವನ್ನು ನಾನು ಈಗ ನಂಬುವುದಿಲ್ಲ.

ಹೀಗೆ ಸಿದ್ಧವಾದ ಪಟ್ಟಿಯನ್ನು ಪರದೆಯ ಮೇಲೆ ತೆರೆದು, ಯಾವ ಅಂಕವನ್ನೂ ಲೆಕ್ಕ ಹಾಕದೆ, ಕಂಬಸಾಲಿನಿಂದ ಕಂಬಸಾಲಿಗೆ ಓದಿದ ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಮನುಷ್ಯ, ಇಲಿ, ಹಸು, ಕೋಳಿ, ಸೀಲಕಾಂತ್ ಎಲ್ಲವೂ ಒಂದು ಜಾಗದಲ್ಲಿ ಒಟ್ಟಾಗಿ ಸಾಗುತ್ತಿದ್ದವು. ಕೆಳಗೆ ಹೆಬ್ಬಾವಿನ ಸಾಲಿನಲ್ಲಿ ಮಾತ್ರ ಅಕ್ಷರಗಳು ನಿಂತು, ಸಣ್ಣ ಅಡ್ಡಗೆರೆಗಳ ಒಂದು ಸರಪಳಿ ಬಂತು. ಎಣಿಸಿದೆ: 17. ಅದರ ಆಚೆಗೆ ಹೆಬ್ಬಾವಿನ ಅನುಕ್ರಮ ಮತ್ತೆ ಉಳಿದವುಗಳ ಜೊತೆ ಸೇರಿಕೊಂಡಿತ್ತು. ಇದು ನನ್ನ ಶೋಧನೆಯಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಲಿಯ ಝಡ್‌ಆರ್‌ಎಸ್ ತೆಗೆದು ಹೆಬ್ಬಾವಿನದನ್ನು ಇಟ್ಟಾಗ ಕೈಕಾಲುಗಳು ಮೊಟಕಾದವು. ಸೀಲಕಾಂತ್‌ನದನ್ನು ಇಟ್ಟಾಗ ಸರಿಯಾಗಿಯೇ ಬೆಳೆದವು. ಹೆಬ್ಬಾವಿನ ಅನುಕ್ರಮಕ್ಕೆ ಆ 17 ಅಕ್ಷರಗಳನ್ನು ಮರಳಿ ಸೇರಿಸಿದಾಗ ಕಾಲುಗಳು ಮರಳಿ ಬಂದವು. ಅದನ್ನು ಓದಿ ತಿಳಿದಿದ್ದರೂ, ನಾನೇ ಜೋಡಿಸಿದ ಪಟ್ಟಿಯಲ್ಲಿ ಆ ಖಾಲಿ ಜಾಗ ಕಂಡಾಗ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತ ಕುಳಿತೆ.

ಆ ಅಡ್ಡಗೆರೆಗಳನ್ನು ನಿಜವಾದ ಲೋಪ ಎಂದು ಒಪ್ಪಲು ನನಗೆ ಧೈರ್ಯ ಕೊಟ್ಟದ್ದು ಎರಡು ಸಂಗತಿಗಳು. ಲೋಪದ ಎರಡೂ ದಂಡೆಗಳಲ್ಲಿ ಅನುಕ್ರಮ ಸ್ಪಷ್ಟವಾಗಿ ಹೊಂದುತ್ತದೆ. ಮತ್ತು ಅದೇ ಲೋಪ ಬೇರೆ ಹಾವುಗಳಲ್ಲಿಯೂ ಇದೆ, ಕಾಲುಳ್ಳ ಹಲ್ಲಿಗಳಲ್ಲಿ ಇಲ್ಲ. ಹಲ್ಲಿಯ ವಿಷಯದಲ್ಲೇ ನಾನು ಎಡವುವುದರಲ್ಲಿದ್ದೆ. ಒಂದು ಹಲ್ಲಿ ಪ್ರಭೇದದ ಕರಡು ಜೀನೋಮಿನಲ್ಲಿ ಇಂಟ್ರಾನಿನ ನಡುಭಾಗ ತಾಳೆಯಾಗಲೇ ಇಲ್ಲ. ಕಾಲಿರುವ ಪ್ರಾಣಿಯಲ್ಲಿ ಈ ಎನ್‌ಹ್ಯಾನ್ಸರ್ ಮಾಯವಾಗಿದೆ ಎಂದು ಎರಡು ದಿನ ಉತ್ಸಾಹದಿಂದ ಟಿಪ್ಪಣಿ ಬರೆದೆ. ಮೂರನೆಯ ದಿನ ಮೂಲ ಕಡತವನ್ನು ತೆರೆದು ನೋಡಿದರೆ ಆ ಭಾಗದ ತುಂಬ ಬರಿಯ ‘ಎನ್’ ಅಕ್ಷರಗಳಿದ್ದವು. ಓದಲಾಗದ ಜಾಗವನ್ನು ಜೀನೋಮ್ ಜೋಡಿಸುವವರು ಹಾಗೆ ತುಂಬುತ್ತಾರೆ. ಪುಸ್ತಕದ ಹಾಳೆ ಹರಿದಿದೆ ಎಂಬುದನ್ನೇ ನಾನು ಅಧ್ಯಾಯ ಬರೆದಿಲ್ಲ ಎಂದು ಓದಿದ್ದೆ.

ಇದಕ್ಕೆ ತದ್ವಿರುದ್ಧವಾದ ಕಷ್ಟವೂ ಇದೆ. ಅನುಕ್ರಮ ಸುಸ್ಪಷ್ಟವಾಗಿದ್ದು, ದಂಡೆಗಳೂ ಸರಿಯಾಗಿದ್ದು, ಹೋಲಿಕೆ ಮಾತ್ರ ಇಲ್ಲದಿದ್ದರೆ ಕೆಲಸವೂ ಇಲ್ಲವೆನ್ನಬಹುದೇ? ರೆಟ್ ಎಂಬ ಜೀನಿನ ಸುತ್ತಲಿನ ಮಾನವ ತುಣುಕುಗಳನ್ನು ಜೀಬ್ರಾಮೀನಿನ ಭ್ರೂಣಕ್ಕೆ ಸೇರಿಸಿದ 2006ರ ಪ್ರಯೋಗ ಹಾಗೆನ್ನಲು ಬಿಡುವುದಿಲ್ಲ. ಮೀನಿನಲ್ಲಿ ಹೋಲಿಕೆಯೇ ಕಾಣದ ತುಣುಕುಗಳೂ ಮೀನಿನ ರೆಟ್ ಜೀನ್ ಕೆಲಸ ಮಾಡುವ ಜಾಗಗಳಲ್ಲೇ ಕೆಲಸ ಮಾಡಿದವು. ಹಣ್ಣುನೊಣದ ಭ್ರೂಣದಲ್ಲಿ ಪಟ್ಟೆಪಟ್ಟೆಯಾಗಿ ಕೆಲಸ ಮಾಡುವ ಈವನ್-ಸ್ಕಿಪ್ಡ್ ಜೀನಿನ ಎರಡನೆಯ ಪಟ್ಟೆಯ ಎನ್‌ಹ್ಯಾನ್ಸರ್ ಇನ್ನೂ ಸೂಕ್ಷ್ಮವಾದ ಪಾಠ. ಎರಡು ನೊಣ ಪ್ರಭೇದಗಳ ಎನ್‌ಹ್ಯಾನ್ಸರ್‌ಗಳು ಬೇರೆಬೇರೆಯಾಗಿ ಒಂದೇ ಪಟ್ಟೆಯನ್ನು ಮೂಡಿಸುತ್ತವೆ. ಒಂದರ ಅರ್ಧವನ್ನು ಇನ್ನೊಂದರ ಅರ್ಧಕ್ಕೆ ಜೋಡಿಸಿದರೆ ಪಟ್ಟೆ ಕೆಡುತ್ತದೆ. ಒಂದು ತಾಣ ದುರ್ಬಲವಾದಾಗ ಇನ್ನೊಂದು ಅದನ್ನು ಸರಿದೂಗಿಸುತ್ತ ಬಂದಿದೆ, ಆ ಹೊಂದಾಣಿಕೆ ಎರಡು ವಂಶಗಳಲ್ಲಿ ಎರಡು ದಾರಿ ಹಿಡಿದಿದೆ. ಆದ್ದರಿಂದ ತಾಳೆಯಾಗದ ಜಾಗಗಳಲ್ಲಿ ನಾನು ಅಕ್ಷರಗಳ ಸಾಲನ್ನು ಬಿಟ್ಟು, ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು ಕೂರುವ ತಾಣಗಳ ಮಾದರಿಗಳಿರುವ ಜಾಸ್ಪರ್ ಸಂಗ್ರಹವನ್ನು ಹಿಡಿದು ಅಂತಹ ಬಂಧಕ ತಾಣಗಳ ಗುಂಪನ್ನು ಹುಡುಕುತ್ತೇನೆ. ಆದರೆ ಅಷ್ಟು ಚಿಕ್ಕ ತಾಣಗಳು ಆಕಸ್ಮಿಕವಾಗಿಯೂ ಎಲ್ಲೆಂದರಲ್ಲಿ ಸಿಗುತ್ತವೆ. ಹಾಗಾಗಿ ಅದೇ ಅಕ್ಷರಗಳನ್ನು ಕಲಸಿ ಮಾಡಿದ ಸಾವಿರ ಹುಸಿ ಅನುಕ್ರಮಗಳಲ್ಲಿ ಎಷ್ಟು ಸಿಗುತ್ತವೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡದೆ ಆ ಎಣಿಕೆಗೆ ಬೆಲೆ ಕೊಡುವುದಿಲ್ಲ.

ಈಗ ನನ್ನ ಕೋಷ್ಟಕದಲ್ಲಿ ‘ಇಲ್ಲ’ ಎಂಬ ಒಂದೇ ಪದವಿಲ್ಲ. ಹುಡುಕಿದ ವಿಧಾನಕ್ಕೆ ಸಿಗಲಿಲ್ಲ, ಜೀನೋಮಿನಲ್ಲಿ ಆ ಜಾಗ ಓದಿಲ್ಲ, ಜಾಗವಿದೆ ಆದರೆ ತಾಳೆಯಾಗುವುದಿಲ್ಲ, ದಂಡೆಗಳ ನಡುವೆ ಅಳಿದುಹೋಗಿದೆ ಎಂದು ನಾಲ್ಕು ಬಗೆಯಾಗಿ ಬರೆಯುತ್ತೇನೆ. ಆ ಹಲ್ಲಿಯ ಹೆಸರಿನ ಮುಂದೆ ಬಹಳ ಕಾಲ ಎರಡನೆಯದೇ ಇತ್ತು. ಡಿಎನ್‌ಎಯ ಉದ್ದನೆಯ ತುಣುಕುಗಳನ್ನು ಒಂದೇ ಸಲಕ್ಕೆ ಓದಿ ಜೋಡಿಸಿದ ಜೀನೋಮಿನ ಹೊಸ ಆವೃತ್ತಿ ಬಂದ ದಿನ ಅದೇ ಎರಡು ಎಕ್ಸಾನ್‌ಗಳನ್ನು ಹಿಡಿದು ಇಂಟ್ರಾನನ್ನು ಮತ್ತೆ ಹೊರತೆಗೆದೆ. ‘ಎನ್’ಗಳಿದ್ದ ಜಾಗದಲ್ಲಿ ಝಡ್‌ಆರ್‌ಎಸ್ ಇತ್ತು, ಆ 17 ಅಕ್ಷರಗಳ ಜಾಗವೂ ತುಂಬಿತ್ತು.