ಭರಣಿ ಮಳೆಗೆ ಕಾಯುವ ಗೆಡ್ಡೆಗಳು

ಮಾರ್ಚ್ ತಿಂಗಳಲ್ಲಿ ನಮ್ಮ ಮನೆಗೆ ಬಂದವರಿಗೆ ಅಂಗಳದ ಮೂಡಣ ಮೂಲೆಯಲ್ಲಿ ಕಾಣುವುದು ಬರೀ ಕೆಂಪು ಮಣ್ಣು, ಅದರ ಮೇಲೆ ಒಂದಿಷ್ಟು ದರಗು. ಯುಗಾದಿ ಕಳೆದು ಒಂದು ಅಡ್ಡಮಳೆ ಬಿದ್ದರೆ ಸಾಕು, ಮುಂದಿನ ವಾರದಲ್ಲೇ ಒಂದು ಬೆಳಿಗ್ಗೆ ರಂಗೋಲಿ ಹಾಕಲು ಹೊರಬಂದಾಗ ಅದೇ ಮಣ್ಣಿಗೆ ಅಂಟಿಕೊಂಡು ನಾಲ್ಕೈದು ನೆಲಸಂಪಿಗೆ ಅರಳಿರುತ್ತವೆ. ಕಾಂಡವೂ ಇಲ್ಲ, ಎಲೆಯೂ ಇಲ್ಲ. ಬಿಳಿ ಎಸಳು, ನೇರಳೆ ತುಟಿ. ಮಂಡಿಯೂರಿ ಬಗ್ಗಿದರೆ ಪರಿಮಳ. ಒಂದು ಹೂವಿನ ಆಯಸ್ಸು ಒಂದೇ ದಿನ. ಮರುದಿನ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಎಲೆ ಬರುವುದು ಹೂವೆಲ್ಲ ಮುಗಿದ ಮೇಲೆ.

ಈ ಗೆಡ್ಡೆ ಕೊಟ್ಟವರು ನಮ್ಮ ಅತ್ತೆ. ಹೊಸನಗರದ ಕಡೆಯ ಈ ಮನೆಗೆ ನಾನು ಮದುವೆಯಾಗಿ ಬಂದ ಮೊದಲ ವರ್ಷ ಅದನ್ನು ಕುಂಡದಲ್ಲಿಟ್ಟು, ಚಳಿಗಾಲದಲ್ಲಿ ಎಲೆ ಒಣಗಿದ್ದು ನೋಡಿ ಗಾಬರಿಯಾಗಿ ದಿನಾ ಒಂದು ಚೊಂಬು ನೀರು ಹಾಕಿದೆ. ಫೆಬ್ರವರಿಯಲ್ಲಿ ಮಣ್ಣು ಕೆದಕಿದರೆ ಕೈಗೆ ಹತ್ತಿದ್ದು ಕೊಳೆತ ಲೋಳೆ. ಅತ್ತೆ ಬೈಯಲಿಲ್ಲ. "ಅದು ಮಲಗಿತ್ತು ಮಗಾ, ನೀನು ಎಬ್ಬಿಸಲಿಕ್ಕೆ ಹೋದೆ" ಎಂದು ಹಿತ್ತಲಿಂದ ಇನ್ನೊಂದು ತುಂಡು ಕಿತ್ತು ಕೊಟ್ಟರು. ನೀರು ಹಾಕುವುದನ್ನು ಯಾರಾದರೂ ಬೇಗ ಕಲಿಯಬಹುದು. ಹಾಕದೆ ಇರುವುದನ್ನು ಕಲಿಯಲು ನನಗೆ ಮೂರು ವರ್ಷ ಹಿಡಿಯಿತು.

ಚಳಿ ದೇಶದ ತೋಟಗಾರರಿಗೆ ಗಟ್ಟಿ ಗಿಡ ಎಂದರೆ ಹಿಮ ತಡೆದುಕೊಳ್ಳುವ ಗಿಡ. ನಮಗೆ ಆ ಲೆಕ್ಕ ನಡೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಹಾಸುಂಬೆ (ಪಾಚಿ) ಒಣಗುವುದಿಲ್ಲ. ಆಮೇಲೆ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಂದೆರಡು ಅಡ್ಡಮಳೆ ಬಿಟ್ಟರೆ ಹನಿ ನೀರಿಲ್ಲ. ಈ ಎರಡನ್ನೂ ದಾಟಿ ಮರುವರ್ಷ ಏಳುವುದೇ ಮಲೆನಾಡಿನ ಗಟ್ಟಿ ಗಿಡ. ಬರಗಾಲವನ್ನು ಗೆಡ್ಡೆ ತಾನೇ ನೋಡಿಕೊಳ್ಳುತ್ತದೆ, ಅದಕ್ಕೆಂದೇ ಅದು ಗೆಡ್ಡೆಯಾಗಿರುವುದು. ನಾವು ನೋಡಿಕೊಳ್ಳಬೇಕಾದ್ದು ನೀರು ನಿಲ್ಲದಂತೆ.

ಅದಕ್ಕೆ ನಾನು ಮಾಡಿಕೊಂಡ ವ್ಯವಸ್ಥೆ ದೊಡ್ಡದೇನಲ್ಲ. ಸೂರಿನ ನೀರು ಬೀಳದ ಜಾಗ ನೋಡಿ, ಸುತ್ತ ಜಂಬಿಟ್ಟಿಗೆ ಕಲ್ಲಿಟ್ಟು ಒಂದಡಿ ಎತ್ತರದ ಏರುಮಡಿ ಕಟ್ಟಿದೆ. ಅಡಿಯಲ್ಲಿ ನಾಲ್ಕು ಬೆರಳು ಜಂಬಿಟ್ಟಿಗೆಯ ಚೂರು. ಅದರ ಮೇಲೆ ಎರಡು ಪಾಲು ಸುಡುಮಣ್ಣು, ಒಂದು ಪಾಲು ಎರಡು ವರ್ಷ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು. ಸುಡುಮಣ್ಣನ್ನು ಮನೆಯಲ್ಲೇ ಮಾಡುತ್ತೇವೆ: ಒಣ ಕಡ್ಡಿ, ದರಗು, ಮೇಲೆ ಮಣ್ಣು, ಮತ್ತೆ ಕಡ್ಡಿ, ಮತ್ತೆ ಮಣ್ಣು ಎಂದು ಗುಪ್ಪೆ ಹಾಕಿ ಬೆಂಕಿ ಕೊಟ್ಟರೆ ಎರಡು ದಿನ ಹೊಗೆಯಾಡುತ್ತ ಸುಡುತ್ತದೆ. ನಮ್ಮ ಜಿಗುಟು ಮಣ್ಣು ಉದುರುದುರಾಗುತ್ತದೆ, ಹುಳದ ಮೊಟ್ಟೆ, ಕಳೆ ಬೀಜ ಎಲ್ಲ ಸಾಯುತ್ತವೆ. ಹಸಿ ಸಗಣಿಯನ್ನು ಮಾತ್ರ ಗೆಡ್ಡೆಯ ಹತ್ತಿರ ಸುಳಿಯಗೊಡಬೇಡಿ. ಕೊಳೆಯುವುದಕ್ಕೆ ಅದೇ ದಾರಿ.

ನೆಲಸಂಪಿಗೆಯನ್ನು ಎರಡು ಅಂಗುಲ ಆಳಕ್ಕೆ ನೆಡುತ್ತೇನೆ. ಕಿತ್ತಾಗ ಬೇರಿನ ತುದಿಯಲ್ಲಿ ನೆಲಗಡಲೆಯ ಹಾಗೆ ಸಣ್ಣ ಉರುಟು ಗಂಟುಗಳು ತೂಗುತ್ತವೆ. ಅವು ಬರೀ ದಾಸ್ತಾನು, ಅವನ್ನಷ್ಟೇ ನೆಟ್ಟರೆ ಚಿಗುರುವುದಿಲ್ಲ. ಮೇಲಿನ ಮೊಳಕೆಯ ಕಣ್ಣು ಇರುವ ತುಂಡಿನ ಜೊತೆಗೇ ಅವು ಉಳಿಯಬೇಕು. ಡೇರೆಯದ್ದೂ, ಅಂದರೆ ಡೇಲಿಯಾದ್ದೂ, ಇದೇ ಕಥೆ. ಡೇರೆಯ ಕಣ್ಣು ಇರುವುದು ಗೆಡ್ಡೆಯ ಮೈಮೇಲಲ್ಲ, ಹಳೆ ಕಾಂಡ ಸೇರುವ ಕುತ್ತಿಗೆಯಲ್ಲಿ. ಕುತ್ತಿಗೆ ಮುರಿದ ಗೆಡ್ಡೆಯನ್ನು ಎಷ್ಟು ಉಪಚಾರ ಮಾಡಿದರೂ ಅದು ಮಣ್ಣಲ್ಲೇ ಕುಳಿತಿರುತ್ತದೆ. ಸಾಗರ, ಶಿರಸಿ ಕಡೆಯ ಹೆಂಗಸರಿಗೆ ಡೇರೆಯ ಬಗ್ಗೆ ನಾನು ಹೇಳಿಕೊಡುವುದೇನೂ ಇಲ್ಲ. ಕಾಂಡ ಒಣಗಿದ ಮೇಲೆ ಕಿತ್ತು, ನೆರಳಲ್ಲಿ ಆರಿಸಿ, ಒಣ ಮರಳು ತುಂಬಿದ ಬುಟ್ಟಿಯಲ್ಲಿ ಅಟ್ಟಕ್ಕೇರಿಸುತ್ತೇವೆ. ಮೇ ತಿಂಗಳಲ್ಲಿ ಕಣ್ಣು ಕೆಂಪಗಾದದ್ದು ನೋಡಿ ಇಳಿಸುತ್ತೇವೆ.

ಭರಣಿ ಮಳೆ ಏಪ್ರಿಲ್ ಕೊನೆಯಿಂದ ಮೇ 10ರ ಆಸುಪಾಸಿನ ತನಕ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎನ್ನುವ ಮಾತು ನನ್ನ ಏರುಮಡಿಗೂ ಸಲ್ಲುತ್ತದೆ. ಆಗ ಏಳುವುದು ಕೆಂಪು ಚೆಂಡಿನ ಹೂ, ನಮ್ಮಲ್ಲಿ ಮೇ ಫ್ಲವರ್ ಎನ್ನುತ್ತಾರೆ. ಆಫ್ರಿಕಾ ಮೂಲದ ಗೆಡ್ಡೆ, ಇಲ್ಲಿಯ ಮಳೆಯ ಗುಣ ಅದಕ್ಕೆ ಚೆನ್ನಾಗಿ ಒಗ್ಗಿದೆ. ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ ನೆಟ್ಟು ಮರೆತುಬಿಡಬೇಕು. ವರ್ಷ ವರ್ಷ ಕಿತ್ತು ಬೇರೆ ಮಾಡಿದಾಗ ನನ್ನದು ಎರಡು ವರ್ಷ ಹೂವೇ ಬಿಡಲಿಲ್ಲ. ಈಗ ಐದು ವರ್ಷದಿಂದ ಮುಟ್ಟಿಲ್ಲ, ಒಂದೇ ಬುಡದಲ್ಲಿ ಹನ್ನೊಂದು ಚೆಂಡು ಬಂದವು.

ಮಳೆ ಲಿಲ್ಲಿ ಎಲ್ಲರ ಮನೆಯಲ್ಲೂ ಇರುತ್ತದೆ, ಆದರೆ ಹೂ ಬಿಡುತ್ತಿಲ್ಲ ಎಂದು ಎಷ್ಟೋ ಜನ ಕೇಳುತ್ತಾರೆ. ಕುಂಡಕ್ಕೆ ದಿನವೂ ಸ್ವಲ್ಪ ಸ್ವಲ್ಪ ನೀರು ಹಾಕುತ್ತಿದ್ದರೆ ಅದಕ್ಕೆ ಮಳೆ ಬಂದದ್ದು ಗೊತ್ತಾಗುವುದಾದರೂ ಹೇಗೆ? ನಾಲ್ಕು ವಾರ ಪೂರ್ತಿ ಒಣಗಿಸಿ, ಆಮೇಲೆ ಕುಂಡವನ್ನೇ ಬಕೆಟ್ಟಿನಲ್ಲಿ ಮುಳುಗಿಸಿ ತೆಗೆಯಿರಿ. ನನ್ನಲ್ಲಿ ಒಂದು ವಾರದೊಳಗೆ ಮೊಗ್ಗು ಕಾಣುತ್ತದೆ. ನಿಜವಾದ ಮಳೆಗೆ ಬರುವಷ್ಟು ಮಾತ್ರ ಬರುವುದಿಲ್ಲ.

ಸೋತದ್ದೂ ಇದೆ. ಒಂದು ಹೂ ಪ್ರದರ್ಶನದ ಮಳಿಗೆಯಲ್ಲಿ "ಎಲ್ಲ ಕಡೆ ಬರುತ್ತದೆ" ಎಂದು ಹೇಳಿದ್ದನ್ನು ನಂಬಿ ಆರು ಟ್ಯೂಲಿಪ್ ಗೆಡ್ಡೆ ತಂದಿದ್ದೆ. ಟ್ಯೂಲಿಪ್ಪಿಗೆ ಮೂರು ತಿಂಗಳಾದರೂ 9 ಡಿಗ್ರಿಗಿಂತ ಕೆಳಗಿನ ತಣ್ಣನೆ ಬೇಕು. ನಮ್ಮ ಪುಷ್ಯ ಮಾಸದ ಚಳಿ ಅದಕ್ಕೆ ಚಳಿಯೇ ಅಲ್ಲ. ಫ್ರಿಜ್ಜಿನಲ್ಲಿಟ್ಟು ನೆಟ್ಟಾಗ ಗಿಡ್ಡ ಕಾಂಡದ ಎರಡು ಹೂ ಬಂದವು, ಗೆಡ್ಡೆ ಅಲ್ಲಿಗೇ ಸೊರಗಿತು. ಆ ದುಡ್ಡಿಗೆ ಅಂಥ ಬೇಸರವಿಲ್ಲ. ನಮ್ಮ ನೆಲಕ್ಕೇ ಹುಟ್ಟಿದ ನೆಲಸಂಪಿಗೆ, ಸುಗಂಧಿ, ಗೌರಿ ಹೂಗಳನ್ನು ಕೊಟ್ಟಿಗೆಯ ಹಿಂದೆ ತಳ್ಳಿ ಟ್ಯೂಲಿಪ್ಪಿಗೆ ಅಂಗಳದ ನಡುವೆ ಜಾಗ ಕೊಟ್ಟೆನಲ್ಲ ಎಂಬ ಬೇಸರ ಇವತ್ತಿಗೂ ಹೋಗಿಲ್ಲ. ಹಾಗೆಂದು ಕಾಡಿಗೆ ಹೋಗಿ ಕಿತ್ತು ತರಬೇಡಿ. ಕೇಳಿದರೆ ಕೊಡುವ ಮನೆ ಪ್ರತಿ ಊರಲ್ಲೂ ಒಂದಿರುತ್ತದೆ.

ಹಂದಿಯ ಕಾಟ ನಮ್ಮಲ್ಲಿ ಬಹಳ. ಒಂದು ರಾತ್ರಿ ಮುಳ್ಳುಹಂದಿ ಬಂದು ಡೇರೆ, ಕೆಸು ಎಲ್ಲ ಬಗೆದು ತಿಂದು ಹೋಯಿತು. ಪಕ್ಕದ ಸಾಲಿನ ಲಿಲ್ಲಿ ಗೆಡ್ಡೆಯನ್ನು ಹೊರಗೆಳೆದು ಹಾಗೇ ಬಿಟ್ಟಿತ್ತು. ಆ ಜಾತಿಯ ಗೆಡ್ಡೆಗಳಲ್ಲಿ ಲೈಕೊರಿನ್ ಎಂಬ ವಿಷವಿದೆ, ತಿಂದರೆ ವಾಂತಿ. ಗೌರಿ ಹೂವಿನ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಪ್ರಾಣವನ್ನೇ ತೆಗೆಯಬಲ್ಲದು. ಅಂದಿನಿಂದ ಡೇರೆಯ ಸುತ್ತ ಲಿಲ್ಲಿಯ ಬೇಲಿ ನೆಟ್ಟಿದ್ದೇನೆ. ಎರಡು ವರ್ಷ ಹಾನಿಯಾಗಿಲ್ಲ, ಅದರಿಂದಲೇ ಎಂದು ಗಟ್ಟಿಯಾಗಿ ಹೇಳಲಾರೆ. ಕಿತ್ತ ಲಿಲ್ಲಿ ಗೆಡ್ಡೆ ನೋಡಲು ಈರುಳ್ಳಿಯ ಹಾಗೇ ಇರುತ್ತದೆ. ಅಡುಗೆಮನೆಯ ಬುಟ್ಟಿಯ ಹತ್ತಿರ ಇಡಲೇಬೇಡಿ, ಮಕ್ಕಳಿರುವ ಮನೆಯಲ್ಲಂತೂ.

ವಿಷವಿದ್ದರೂ ಒಂದು ಹುಳಕ್ಕೆ ಅದೇ ಊಟ. ಮಳೆ ಹಿಡಿಯುತ್ತಿದ್ದಂತೆ ಕಪ್ಪು ಮೈಯ, ಬಿಳಿ ಕೆಂಪು ಚುಕ್ಕೆಯ ಹುಳ ಲಿಲ್ಲಿ ಎಲೆಗೆ ಗುಂಪಾಗಿ ಬರುತ್ತದೆ. ಎರಡು ರಾತ್ರಿ ಬಿಟ್ಟರೆ ಎಲೆ ಬುಡದ ತನಕ ಮುಗಿಯುತ್ತದೆ. ಔಷಧಿ ಹೊಡೆಯುವುದಿಲ್ಲ. ಊಟ ಮುಗಿಸಿ ಟಾರ್ಚು, ಸೋಪಿನ ನೀರಿನ ಡಬ್ಬ ಹಿಡಿದು ಹೊರಡುತ್ತೇನೆ, ಒಂದೊಂದಾಗಿ ಹೆಕ್ಕುತ್ತೇನೆ.

ಇನ್ನು ದೊಡ್ಡ ಕೆಂಪು ಲಿಲ್ಲಿ. ನರ್ಸರಿಯವರು ಅಮರಿಲ್ಲಿಸ್ ಎಂದರೂ ಇದು ದಕ್ಷಿಣ ಅಮೆರಿಕದ ಹಿಪ್ಪಿಯಾಸ್ಟ್ರಮ್. ಗೆಡ್ಡೆಯ ಮೂರನೇ ಒಂದು ಪಾಲು ಮಣ್ಣಿನ ಮೇಲಿರಬೇಕು, ಇಲ್ಲದಿದ್ದರೆ ಆರಿದ್ರಾ ಮಳೆಗೆ ಕುತ್ತಿಗೆ ಕೊಳೆಯುತ್ತದೆ. ನಾಲ್ಕು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಕೆಂಪು ಹೂವಿನ ಪರಾಗವನ್ನು ಬಿಳಿಯದರ ಶಲಾಕೆಯ ತುದಿಗೆ ಬೆರಳಲ್ಲೇ ಸವರಿದ್ದೆ. ತಿಂಗಳೊಪ್ಪತ್ತಿಗೆ ಕಾಯಿ ಬಿರಿದು, ಸುಟ್ಟ ಕಾಗದದ ಚೂರಿನಂಥ ಕಪ್ಪು ಬೀಜ ಸಿಕ್ಕಿತು. ತಟ್ಟೆಯ ನೀರಲ್ಲಿ ತೇಲಿಬಿಟ್ಟು, ಬೇರು ಬಂದವನ್ನು ನೆಟ್ಟೆ. ಮೂವತ್ತರಲ್ಲಿ ಹದಿನಾಲ್ಕು ಉಳಿದವು. ಅತ್ತೆ ಕೊನೆಯ ವರ್ಷ ಜಗುಲಿಯಲ್ಲಿ ಕೂತು ಆ ಸಸಿಗಳನ್ನು ಎಣಿಸುತ್ತಿದ್ದರು, "ಬಣ್ಣ ಯಾವುದು ಬರ್ತದೋ" ಎಂದು.

ಈ ಸಲ ಯುಗಾದಿಗೆ ಎರಡಕ್ಕೆ ಮೊಗ್ಗು ಬಂತು. ಒಂದು ತಾಯಿಯಂತೆ ಬಿಳಿ. ಇನ್ನೊಂದು ಬಿಳಿಯ ಮೇಲೆ ಕುಂಕುಮದ ಎಳೆ ಎಳೆದ ಹಾಗೆ.